ಲಿನಕ್ಸ್ ಪರೀಕ್ಷೆಗಳು: ಯಾವುದನ್ನು ಆರಿಸುವುದು, ಹೇಗೆ ಸಿದ್ಧರಾಗುವುದು?

ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಬರುವಾಗ ಬೆಟ್ಟದ ಮೇಲಿನ ಹಳೆಯ ಕೋಟೆ ಕಣ್ಣಿಗೆ ಬಿದ್ದೊಡನೆಯೇ ನಮ್ಮವರ ಸೀಮೆಗೆ ಬಂದೆವೆಂಬ ಭಾವನೆ ಮೂಡುತ್ತದೆ. ಸುತ್ತಲೂ ಮಳೆಯನ್ನೇ ನಂಬಿದ ಕಡಲೆಕಾಯಿಯ ಹೊಲಗಳು. ಪಡುವಣಕ್ಕೆ ಸ್ವಲ್ಪ ದೂರ ಹೋದರೆ ಕರ್ನಾಟಕ. 1953ರಲ್ಲಿ ಆಂಧ್ರ ರಾಜ್ಯವು ಹುಟ್ಟಿದಾಗ ಅನಂತಪುರ ಜಿಲ್ಲೆಯು ಮದರಾಸನ್ನು ಬಿಟ್ಟು ಅದಕ್ಕೆ ಸೇರಿತು. ರಾಜಧಾನಿ ಬದಲಾಯಿತೇ ಹೊರತು ಮನೆಯ ಮಾತು ಬದಲಾಗಲಿಲ್ಲ. ಶಾಲೆಯಲ್ಲಿ ತೆಲುಗು, ಅಡಿಗೆಮನೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಬೆಂಗಳೂರು ಎಂಬುದು ಇಲ್ಲಿನ ಅನೇಕ ಕುಟುಂಬಗಳ ರೀತಿ.

ಇಂತಹ ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ನಮಗೆ ಬಂಧುಗಳಾದ ಹಿರಿಯ ರೈತರೊಬ್ಬರು ಒಂದು ಕಾಗದವನ್ನು ನಮ್ಮ ಕೈಗಿತ್ತರು. “ನೀವು ನಾಲ್ಕು ಅಕ್ಷರ ಹೆಚ್ಚು ಓದಿದವರು. ಇದಕ್ಕೆ ಬೆಲೆ ಇದೆಯೇ ಇಲ್ಲವೇ, ಒಂದು ಮಾತಿನಲ್ಲಿ ಹೇಳಿಬಿಡಿ” ಎಂದರು. ಅವರ ಮಗ ಬಿ.ಎಸ್‌ಸಿ. ಮುಗಿಸಿ ಪಟ್ಟಣದ ಒಂದು ತರಬೇತಿ ಕೇಂದ್ರದಲ್ಲಿ ನಾಲ್ಕು ತಿಂಗಳು ಲಿನಕ್ಸ್ ಕಲಿತಿದ್ದ. ಆ ವರ್ಷದ ಕಡಲೆಕಾಯಿ ಮಾರಿದ ಹಣದ ಬಹುಭಾಗ ಆ ಶುಲ್ಕಕ್ಕೇ ಹೋಗಿತ್ತು. ಕಾಗದದ ಮೇಲೆ ಚಿನ್ನದ ಬಣ್ಣದ ಅಂಚು, ದೊಡ್ಡ ಮುದ್ರೆ, ‘ಅಂತರರಾಷ್ಟ್ರೀಯ’ ಎಂಬ ಮಾತು ಎಲ್ಲವೂ ಇದ್ದವು. ಇಲ್ಲದಿದ್ದುದು ಒಂದೇ: ಯಾವ ಪರೀಕ್ಷೆಯಲ್ಲಿ ಹುಡುಗನು ತೇರ್ಗಡೆಯಾದನೆಂಬ ವಿವರ. ಏಕೆಂದರೆ ಅವನು ಯಾವ ಪರೀಕ್ಷೆಗೂ ಕುಳಿತಿರಲಿಲ್ಲ. ಅದು ತರಗತಿಗೆ ಬಂದಿದ್ದನೆಂಬುದಕ್ಕೆ ಆ ಕೇಂದ್ರವೇ ಕೊಟ್ಟ ಪತ್ರವಾಗಿತ್ತು.

ಹಿರಿಯರ ಮುಖವನ್ನು ನೋಡಿ ಉತ್ತರ ಹೇಳುವುದು ನಮಗೆ ಸುಲಭವಾಗಲಿಲ್ಲ. ಗಡಿಯಾಚೆಯ ಇನ್ನೆಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತಿರಬಹುದೆಂಬ ಕಾರಣದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಲಿನಕ್ಸ್ ಎಂದರೆ ಏನು?

ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಅದರಲ್ಲಿ ಮಾಡುವ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವ ವ್ಯವಸ್ಥೆಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಮನೆಯಲ್ಲಿ ಉಗ್ರಾಣದ ಬೀಗದಕೈ ಹಿಡಿದು ಯಾರಿಗೆ ಎಷ್ಟು, ಯಾವಾಗ ಎಂದು ಅಳೆದು ಕೊಡುವ ಯಜಮಾನಿಯ ಕೆಲಸ ಅದರದು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇಂತಹ ವ್ಯವಸ್ಥೆಯ ತಿರುಳನ್ನು ಬರೆದು, ಬೇಕಾದವರು ನೋಡಲಿ, ತಿದ್ದಲಿ ಎಂದು ಹೊರಗಿಟ್ಟರು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿಯೇ ಘೋಷಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಈ ತಿರುಳಿಗೆ ಕೂಡಿಕೊಂಡವು. ಎಲ್ಲರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು, ಆದರೆ ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು ಎಂಬ ಪರವಾನಗಿಗೆ ಲಿನಕ್ಸ್ 1992ರಲ್ಲಿ ಒಳಪಟ್ಟಿತು.

ಇಂದು ಬ್ಯಾಂಕುಗಳ, ಟಿಕೆಟು ಕಾದಿರಿಸುವ ಜಾಲಗಳ, ದೊಡ್ಡ ಅಂಗಡಿಗಳ ಹಿಂದಿರುವ ಸರ್ವರುಗಳಲ್ಲಿ ಬಹುಪಾಲು ಇದರ ಮೇಲೆಯೇ ನಡೆಯುತ್ತವೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲವೂ ಇದನ್ನೇ ಅವಲಂಬಿಸಿವೆ. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿನೊಳಗೂ ಅದೇ ಇತ್ತು. ಇಂತಹ ಯಂತ್ರಗಳನ್ನು ಹಗಲಿರುಳು ಕಾಯುವವರು ಬೇಕು. ಆ ಕಾಯುವ ಕೆಲಸ ಬಲ್ಲೆನೆಂದು ತೋರಿಸಿಕೊಳ್ಳುವುದಕ್ಕಾಗಿಯೇ ಈ ಪರೀಕ್ಷೆಗಳು ಹುಟ್ಟಿದವು.

ನಮ್ಮ ಮಕ್ಕಳಿಗೆ ಇದು ತೀರ ಹೊಸದೆಂದು ಭಾವಿಸಬೇಕಾಗಿಲ್ಲ. ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿಯೇ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಕಲಿಯುತ್ತಾರೆ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ, 2017ರಿಂದ ‘ಕೈಟ್’ ಎಂಬ ಹೆಸರಿನ ಸಂಸ್ಥೆಯಾಗಿ ನಡೆಯುತ್ತಿರುವ ಯೋಜನೆಯ ಫಲವಿದು. ಅದರ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಇವೆ. ಬೆಂಗಳೂರಿನಲ್ಲಂತೂ 2001ರಲ್ಲಿ ಅತುಲ್ ಚಿಟ್ನಿಸ್ ಮತ್ತು ಅವರ ಮಿತ್ರರು ಆರಂಭಿಸಿದ ಲಿನಕ್ಸ್ ಸಮ್ಮೇಳನವು ಮುಂದೆ ಹೆಸರು ಬದಲಿಸಿಕೊಂಡು 2012ರವರೆಗೆ ನಡೆದು, ದೇಶವಿದೇಶಗಳ ತಜ್ಞರನ್ನು ಅಲ್ಲಿಗೆ ಕರೆತಂದಿತು.

ನಾಲ್ಕು ದಾರಿಗಳು

ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಅದರ ಪರೀಕ್ಷೆಯೂ ಒಂದೇ ಅಲ್ಲ. ಹೆಚ್ಚಾಗಿ ಕೇಳಿಬರುವವು ನಾಲ್ಕು.

ಮೊದಲನೆಯದು ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟಿನದು. 1999ರಲ್ಲಿ ಸ್ಥಾಪಿತವಾದ, ಕೆನಡಾದಲ್ಲಿ ನೆಲೆಯಿರುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಿದು. ಇದರ ಎಲ್‌ಪಿಐಸಿ-1 ಎಂಬ ಮೊದಲ ಮೆಟ್ಟಿಲಿಗೆ ಎರಡು ಪರೀಕ್ಷೆಗಳನ್ನು ಮುಗಿಸಬೇಕು. ಒಂದೊಂದರಲ್ಲಿ 90 ನಿಮಿಷ, 60 ಪ್ರಶ್ನೆ. ಉತ್ತರವನ್ನು ಆರಿಸುವ ಇಲ್ಲವೆ ತುಂಬುವ ಬಗೆಯ ಪ್ರಶ್ನೆಗಳವು. 200ರಿಂದ 800ರವರೆಗಿನ ಅಳತೆಯಲ್ಲಿ 500 ಬಂದರೆ ತೇರ್ಗಡೆ. ಪ್ರಮಾಣಪತ್ರವು ಐದು ವರ್ಷ ಜೀವಂತವಾಗಿರುತ್ತದೆ. ಇದರ ಮೇಲೆ ಎರಡನೆಯ, ಮೂರನೆಯ ಮೆಟ್ಟಿಲುಗಳಿವೆ. ತೀರ ಹೊಸಬರಿಗೆ ಲಿನಕ್ಸ್ ಎಸೆನ್ಷಿಯಲ್ಸ್ ಎಂಬ 40 ಪ್ರಶ್ನೆಗಳ ಸಣ್ಣ ಪರೀಕ್ಷೆಯೂ ಉಂಟು. ಅದಕ್ಕೆ ಅವಧಿಯ ಮಿತಿಯಿಲ್ಲ.

ಎರಡನೆಯದು ಅಮೆರಿಕದ ಕಾಂಪ್‌ಟಿಯಾ ಸಂಸ್ಥೆಯ ಲಿನಕ್ಸ್ ಪ್ಲಸ್. ಒಂದೇ ಪರೀಕ್ಷೆ, 90 ನಿಮಿಷದಲ್ಲಿ ಹೆಚ್ಚೆಂದರೆ 90 ಪ್ರಶ್ನೆ, ಆರಿಸುವ ಪ್ರಶ್ನೆಗಳೊಡನೆ ಮಾಡಿ ತೋರಿಸುವ ಕೆಲವು ಪ್ರಶ್ನೆಗಳೂ ಇರುತ್ತವೆ. ಅವಧಿ ಮೂರು ವರ್ಷ. 2010ರಿಂದ 2019ರವರೆಗೆ ಇದಕ್ಕೆ ಎಲ್‌ಪಿಐ ಸಂಸ್ಥೆಯ ಪ್ರಶ್ನೆಗಳೇ ಆಧಾರವಾಗಿದ್ದವು. ಈಗ ಎರಡೂ ಬೇರೆ ಬೇರೆ. ಆದುದರಿಂದ ಆ ಕಾಲದ ಹಳೆಯ ಪುಸ್ತಕವನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಮೂರನೆಯದು ರೆಡ್ ಹ್ಯಾಟ್ ಕಂಪನಿಯದು. 2019ರಲ್ಲಿ ಇದನ್ನು ಐಬಿಎಂ ಕೊಂಡಿತು. ಆರ್‌ಎಚ್‌ಸಿಎಸ್‌ಎ ಎಂಬುದು ಇದರ ಮೊದಲ ಮೆಟ್ಟಿಲು. ಇಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ. ಅಭ್ಯರ್ಥಿಯ ಮುಂದೆ ಯಂತ್ರವನ್ನಿಟ್ಟು, ಇಂತಿಂತಹ ಕೆಲಸಗಳನ್ನು ಮಾಡು ಎಂದು ಪಟ್ಟಿ ಕೊಡುತ್ತಾರೆ. ಸುಮಾರು ಮೂರು ಗಂಟೆಯ ಅವಧಿ. 300 ಅಂಕಗಳಲ್ಲಿ 210 ಬರಬೇಕು. ಅಂತರಜಾಲವನ್ನು ನೋಡುವಂತಿಲ್ಲ, ಯಂತ್ರದೊಳಗೇ ಇರುವ ಕೈಪಿಡಿಯ ಪುಟಗಳನ್ನು ಮಾತ್ರ ನೋಡಬಹುದು. ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯುಸ್ಸು. ಇದರ ಮುಂದಿನದಾದ ಆರ್‌ಎಚ್‌ಸಿಇ ಈಗ ಆನ್ಸಿಬಲ್ ಎಂಬ ಉಪಕರಣದಿಂದ ಅನೇಕ ಯಂತ್ರಗಳನ್ನು ಒಟ್ಟಿಗೆ ನಡೆಸುವ ಕೌಶಲವನ್ನು ಪರೀಕ್ಷಿಸುತ್ತದೆ.

ನಾಲ್ಕನೆಯದು ಲಿನಕ್ಸ್ ಫೌಂಡೇಷನ್ನಿನ ಎಲ್‌ಎಫ್‌ಸಿಎಸ್. 2014ರಲ್ಲಿ ಆರಂಭವಾದ ಇದೂ ಮಾಡಿ ತೋರಿಸುವ ಪರೀಕ್ಷೆಯೇ. ಅವಧಿ ಎರಡು ಗಂಟೆ. ಮನೆಯಲ್ಲಿಯೇ ಕುಳಿತು, ದೂರದ ಮೇಲ್ವಿಚಾರಕರ ಕಣ್ಣೆದುರಿಗೆ ಬರೆಯಬೇಕು. ಒಮ್ಮೆ ತಪ್ಪಿದರೆ ಅದೇ ಶುಲ್ಕದಲ್ಲಿ ಮತ್ತೊಮ್ಮೆ ಕುಳಿತುಕೊಳ್ಳುವ ಅವಕಾಶವಿರುವುದು ಇದರ ವಿಶೇಷ. 2024ರ ಏಪ್ರಿಲಿನಿಂದ ಇದರ ಆಯುಸ್ಸು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಆರಿಸುವ ಬಗೆ

ಇವುಗಳಲ್ಲಿ ಶ್ರೇಷ್ಠವಾದುದು ಯಾವುದು ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಯಾವ ಹೊಲಕ್ಕೆ ಯಾವ ಬೀಜ ಎಂದು ಕೇಳುವ ರೈತನಂತೆ, ಯಾವ ಕೆಲಸಕ್ಕೆ ಯಾವ ಪರೀಕ್ಷೆ ಎಂದು ಕೇಳಬೇಕು.

ಮೊದಲು ಮಾಡಬೇಕಾದುದು, ಮಗನೋ ಮಗಳೋ ಸೇರಬಯಸುವ ಊರಿನ ಉದ್ಯೋಗ ಪ್ರಕಟಣೆಗಳನ್ನು ಒಂದು ತಿಂಗಳ ಕಾಲ ಓದಿ, ಯಾವ ಪರೀಕ್ಷೆಯ ಹೆಸರು ಎಷ್ಟು ಸಲ ಬಂತೆಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತ ಹೋಗುವುದು. ಇದಕ್ಕೆ ಕಾಸು ಖರ್ಚಿಲ್ಲ. ನಮ್ಮ ಬಂಧುಗಳ ಮಗ ಬೆಂಗಳೂರಿನ ಪ್ರಕಟಣೆಗಳನ್ನು ಹೀಗೆ ನೋಡಿದಾಗ, ಅವನ ಹಾಳೆಯಲ್ಲಿ ಆರ್‌ಎಚ್‌ಸಿಎಸ್‌ಎ ಎದುರಿನ ಗೀಟುಗಳೇ ಹೆಚ್ಚಾಗಿದ್ದವು. ದೊಡ್ಡ ಕಂಪನಿಗಳು ರೆಡ್ ಹ್ಯಾಟ್ ವ್ಯವಸ್ಥೆಯನ್ನು ಹಣ ತೆತ್ತು ಬಳಸುವುದರಿಂದ ಇದು ಸಹಜವೇ. ಬೇರೆ ಊರನ್ನು, ಬೇರೆ ದೇಶವನ್ನು ಬಯಸುವವರ ಹಾಳೆಯಲ್ಲಿ ಬೇರೆ ಲೆಕ್ಕ ಬರಬಹುದು.

ಎರಡನೆಯದಾಗಿ ಹಣದ ಲೆಕ್ಕ. ಶುಲ್ಕಗಳು ಆಗಾಗ ಬದಲಾಗುವುದರಿಂದ ಅವನ್ನು ಪರೀಕ್ಷೆ ನಡೆಸುವ ಸಂಸ್ಥೆಯಿಂದಲೇ ತಿಳಿಯಬೇಕು, ಮಧ್ಯವರ್ತಿಯಿಂದಲ್ಲ. ಎಲ್‌ಪಿಐಸಿ-1ಕ್ಕೆ ಎರಡು ಪರೀಕ್ಷೆ, ಆದ್ದರಿಂದ ಎರಡು ಶುಲ್ಕ. ಆದರೆ ಒಂದನ್ನು ಈ ಸುಗ್ಗಿಗೆ, ಇನ್ನೊಂದನ್ನು ಮುಂದಿನ ಸುಗ್ಗಿಗೆ ಎಂದು ಬಿಡಿಸಿಕೊಳ್ಳುವ ಅನುಕೂಲವೂ ಅದರಲ್ಲಿದೆ. ಇನ್ನೊಂದು ಮುಖ್ಯ ಮಾತು: ಈ ನಾಲ್ಕರ ಮೊದಲ ಮೆಟ್ಟಿಲಿಗೆ ಯಾವ ತರಬೇತಿ ಕೇಂದ್ರದಲ್ಲಿಯೂ ಕಲಿತಿರಬೇಕೆಂಬ ಕಡ್ಡಾಯವಿಲ್ಲ. ಪರೀಕ್ಷಾ ಶುಲ್ಕ ಬೇರೆ, ತರಬೇತಿಯ ಶುಲ್ಕ ಬೇರೆ. ತರಬೇತಿಗೆ ಹಣ ಕಟ್ಟುವ ಮುನ್ನ, “ಇದರಲ್ಲಿ ಪರೀಕ್ಷೆಯ ಶುಲ್ಕ ಸೇರಿದೆಯೇ? ಯಾವ ಸಂಸ್ಥೆಯ, ಯಾವ ಸಂಖ್ಯೆಯ ಪರೀಕ್ಷೆ?” ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ನಮ್ಮ ಬಂಧುಗಳು ಈ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಅವರ ಒಂದು ವರ್ಷದ ಬೆಳೆ ಉಳಿಯುತ್ತಿತ್ತು.

ಮೂರನೆಯದು ಸ್ವಭಾವ. ಓದಿ, ಅರ್ಥಮಾಡಿಕೊಂಡು, ವಿಷಯದ ಉದ್ದಗಲವನ್ನೆಲ್ಲ ಕ್ರಮವಾಗಿ ತಿಳಿಯಬಯಸುವವರಿಗೆ ಎಲ್‌ಪಿಐ ಪಠ್ಯಕ್ರಮ ಹಿಡಿಸುತ್ತದೆ; ಅದು ಯಾವ ಒಂದು ಕಂಪನಿಯ ಲಿನಕ್ಸಿಗೂ ಕಟ್ಟುಬಿದ್ದಿಲ್ಲ. ಅದರ ಪಾಠಗಳನ್ನು ಸಂಸ್ಥೆಯೇ ಉಚಿತವಾಗಿ ಒದಗಿಸುತ್ತದೆ. ಕೈಯಿಂದ ಮಾಡಿಯೇ ಕಲಿಯುವವರಿಗೆ ರೆಡ್ ಹ್ಯಾಟ್ ಅಥವಾ ಫೌಂಡೇಷನ್ನಿನ ಪರೀಕ್ಷೆ ಒಗ್ಗುತ್ತದೆ. ಉಚಿತ ಪಾಠಗಳನ್ನು ಓದಿ ತಳಹದಿ ಹಾಕಿಕೊಂಡು, ಪರೀಕ್ಷೆಯನ್ನು ಮಾತ್ರ ರೆಡ್ ಹ್ಯಾಟಿನದು ಬರೆಯುವುದಕ್ಕೂ ಅಡ್ಡಿಯಿಲ್ಲ. ನಮ್ಮ ಹುಡುಗ ಹಿಡಿದದ್ದು ಇದೇ ದಾರಿಯನ್ನು.

ಸಿದ್ಧತೆ

ಸಿದ್ಧತೆಗೆ ಬೇಕಾದುದು ಒಂದು ಕಂಪ್ಯೂಟರ್, ಅದರೊಳಗೆ ಎರಡು ಮೂರು ಕಾಲ್ಪನಿಕ ಯಂತ್ರಗಳನ್ನು ನಡೆಸುವ ತಂತ್ರಾಂಶ, ಮತ್ತು ತಾಳ್ಮೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ರೆಡ್ ಹ್ಯಾಟ್ ಕಂಪನಿ ಕಲಿಯುವವರಿಗೆ ತನ್ನ ವ್ಯವಸ್ಥೆಯನ್ನು 16 ಯಂತ್ರಗಳವರೆಗೆ ಶುಲ್ಕವಿಲ್ಲದೆ ಕೊಡುತ್ತದೆ. ಅದಕ್ಕೆ ಹೊಂದುವ ರಾಕಿ, ಆಲ್ಮಾ ಎಂಬ ಲಿನಕ್ಸುಗಳೂ 2021ರಿಂದ ಉಚಿತವಾಗಿವೆ. ಹಿಂದೆ ಎಲ್ಲರೂ ಬಳಸುತ್ತಿದ್ದ ಸೆಂಟ್‌ಒಎಸ್ 7ರ ಆಸರೆ 2024ರ ಜೂನ್ 30ಕ್ಕೆ ಮುಗಿದುಹೋಯಿತಾದ್ದರಿಂದ ಅದರಲ್ಲಿ ಅಭ್ಯಾಸ ಮಾಡುವುದು ವ್ಯರ್ಥ. ಕಂಪ್ಯೂಟರನ್ನು ಎರಡನೆಯ ಕೈಯಿಂದ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: 2025ರಲ್ಲಿ ಬಂದ ರೆಡ್ ಹ್ಯಾಟ್ ಹತ್ತನೆಯ ಆವೃತ್ತಿಯು 2013ಕ್ಕೆ ಹಿಂದಿನ ಇಂಟೆಲ್ ಯಂತ್ರಗಳ ಮೇಲೆ ನಡೆಯುವುದಿಲ್ಲ. ಪರೀಕ್ಷೆಯು ಯಾವ ಆವೃತ್ತಿಯದೆಂದು ನೋಡಿಕೊಂಡು, ಅದೇ ಆವೃತ್ತಿಯಲ್ಲಿ ಅಭ್ಯಾಸ ಮಾಡಬೇಕು.

ಕಂಠಪಾಠಕ್ಕಿಂತ ಅರ್ಥವೇ ಮುಖ್ಯವೆಂಬುದಕ್ಕೆ ಒಂದು ಉದಾಹರಣೆ. ಲಿನಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಮೂರು ಬಗೆಯ ಜನರನ್ನು ಎಣಿಸುತ್ತಾರೆ: ಒಡೆಯ, ಅವನ ಗುಂಪಿನವರು, ಉಳಿದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಯಜಮಾನ, ಮನೆಯವರು, ಊರವರು. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂದು ಅಂಕೆಗಳನ್ನಿಟ್ಟಿದ್ದಾರೆ. ಕಡತವೊಂದಕ್ಕೆ 640 ಎಂದು ಅನುಮತಿ ಕೊಟ್ಟರೆ, ಯಜಮಾನನಿಗೆ 4 ಮತ್ತು 2 ಸೇರಿ ಓದುವ, ಬರೆಯುವ ಹಕ್ಕು, ಮನೆಯವರಿಗೆ 4, ಎಂದರೆ ಓದುವ ಹಕ್ಕು ಮಾತ್ರ, ಊರವರಿಗೆ ಸೊನ್ನೆ. ಇಷ್ಟು ತಿಳಿದವನಿಗೆ 750 ಎಂದರೇನೆಂದು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮಾಡಿ ತೋರಿಸುವ ಪರೀಕ್ಷೆಯಲ್ಲಿ ಅನೇಕರು ಮುಗ್ಗರಿಸುವ ಸ್ಥಳ ಬೇರೊಂದಿದೆ. ಮಾಡಿದ ಕೆಲಸವು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ ಮೇಲೆಯೂ ಹಾಗೆಯೇ ಉಳಿದಿರಬೇಕೆಂಬುದು ರೆಡ್ ಹ್ಯಾಟ್ ಪರೀಕ್ಷೆಯ ನಿಯಮ. ಹೊಸ ಶೇಖರಣಾ ವಿಭಾಗವೊಂದನ್ನು ಜೋಡಿಸಿ ಕೆಲಸ ಮುಗಿಯಿತೆಂದುಕೊಂಡರೆ ಸಾಲದು. ಪ್ರತಿ ಸಲವೂ ತಾನಾಗಿ ಜೋಡಣೆಯಾಗುವಂತೆ ಅದಕ್ಕೆಂದಿರುವ ಕಡತದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ತಪ್ಪಿದರೆ ಯಂತ್ರ ಏಳುವಾಗಲೇ ತಡೆದು ನಿಲ್ಲಬಹುದು. ನಮ್ಮ ಹುಡುಗ ಮೊದಲನೆಯ ಸಲ ಪರೀಕ್ಷೆಯಲ್ಲಿ ಸೋತದ್ದು ಇಲ್ಲಿಯೇ. ಮಾಡಿದ ಕೆಲಸಗಳಲ್ಲಿ ಬಹಳಷ್ಟು ಸರಿಯಾಗಿದ್ದವು. ಆದರೆ ಕೊನೆಗೊಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

“ದೀಪ ಹಚ್ಚಿದ ಮೇಲೆ ಗಾಳಿಗೆ ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡಬೇಕಲ್ಲವೇನಪ್ಪಾ?” ಎಂದು ತಂದೆ ಕೇಳಿದರಂತೆ. ಲಿನಕ್ಸಿನ ಗಂಧವಿಲ್ಲದ ಅವರ ಈ ಮಾತು, ನಾಲ್ಕು ತಿಂಗಳ ತರಗತಿಯಲ್ಲಿ ಸಿಗದ ಪಾಠವನ್ನು ಕಲಿಸಿತೆಂದು ಹುಡುಗನೇ ನಮಗೆ ಹೇಳಿದ. ಅಂದಿನಿಂದ ಅವನು ಪ್ರತಿದಿನವೂ ಹೊಸ ಯಂತ್ರವೊಂದನ್ನು ಸ್ಥಾಪಿಸಿ, ಕೆಲಸಗಳನ್ನು ಮುಗಿಸಿ, ಆರಿಸಿ ಹೊತ್ತಿಸಿ ಪರಿಶೀಲಿಸಿ, ಅದನ್ನು ಅಳಿಸಿ, ಮರುದಿನ ಮತ್ತೆ ಆರಂಭಿಸುತ್ತಿದ್ದ. ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಮಾಡುತ್ತಿದ್ದ. ಅಂತರಜಾಲವನ್ನು ಮುಚ್ಚಿ, ಒಳಗಿನ ಕೈಪಿಡಿಯಲ್ಲಿಯೇ ಉತ್ತರ ಹುಡುಕುವುದನ್ನು ರೂಢಿಸಿಕೊಂಡ.

ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವವರೂ ಇದ್ದಾರೆ. ಅವರ ಹತ್ತಿರ ಸುಳಿಯಬಾರದು. ಅಭ್ಯರ್ಥಿಯು ಒಪ್ಪಿ ಸಹಿ ಹಾಕುವ ಕರಾರಿಗೆ ಅದು ವಿರುದ್ಧ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ, ಕೆಲಸದ ಮೊದಲ ರಾತ್ರಿ ಸರ್ವರು ನಿಂತುಹೋದಾಗ ಬಾಯಿಪಾಠದ ಉತ್ತರ ಆಸರೆಗೆ ಬರುವುದಿಲ್ಲ.

ನಮ್ಮ ಸೀಮೆಯವರಿಗೆ ಎರಡು ಕಿವಿಮಾತುಗಳು

ಪರೀಕ್ಷೆಗೆ ನೋಂದಾಯಿಸುವ ಹೆಸರು ಗುರುತಿನ ಪತ್ರದ ಹೆಸರಿನೊಡನೆ ಅಕ್ಷರಶಃ ಹೊಂದಬೇಕು. ಗಡಿಯ ಮನೆಗಳಲ್ಲಿ ಇದು ಸಣ್ಣ ತೊಡಕಲ್ಲ. ಆಂಧ್ರದ ಶಾಲೆಯಲ್ಲಿ ಮನೆತನದ ಹೆಸರು ಮೊದಲಿಗೆ. ಬೆಂಗಳೂರಿನಲ್ಲಿ ಮಾಡಿಸಿದ ಕಾಗದದಲ್ಲಿ ತಂದೆಯ ಹೆಸರಿನ ಮೊದಲಕ್ಷರ ಕೊನೆಗೆ. ಇಂಗ್ಲಿಷಿನ ಕಾಗುಣಿತವಂತೂ ಬರೆದ ಗುಮಾಸ್ತರ ಇಚ್ಛೆಯಂತೆ. ಯಾವ ಗುರುತಿನ ಪತ್ರ ನಡೆಯುತ್ತದೆಂದು ನಿಯಮಗಳಲ್ಲಿ ಓದಿಕೊಂಡು, ಅದರಲ್ಲಿರುವಂತೆಯೇ ನೋಂದಾಯಿಸಬೇಕು. ತಿದ್ದುವುದಿದ್ದರೆ ತಿಂಗಳುಗಳ ಮೊದಲೇ ತಿದ್ದಿಸಿಕೊಳ್ಳಬೇಕು.

ಎರಡನೆಯದು ವಿದ್ಯುತ್ತಿನದು. ಈ ಪರೀಕ್ಷೆಗಳನ್ನು ಮನೆಯಿಂದಲೂ ಬರೆಯುವ ಅವಕಾಶವಿದೆ, ನಿಜ. ಆದರೆ ಕೊಠಡಿಯಲ್ಲಿ ಬೇರೆ ಯಾರೂ ಬರಕೂಡದು, ಕ್ಯಾಮರಾ ಆರಕೂಡದು, ಸಂಪರ್ಕ ಕಡಿಯಕೂಡದು. ಕರೆಂಟು ಹೇಳದೆ ಹೋಗುವ, ನೆಂಟರು ಹೇಳದೆ ಬರುವ ನಮ್ಮ ಮನೆಗಳಲ್ಲಿ ಇದನ್ನು ನಂಬಿ ಸಾವಿರಾರು ರೂಪಾಯಿಗಳನ್ನು ಪಣಕ್ಕಿಡುವುದು ಜಾಣತನವಲ್ಲ. ಪರೀಕ್ಷಾ ಕೇಂದ್ರದ ಸೌಕರ್ಯವಿರುವ ಪರೀಕ್ಷೆಯಾದರೆ, ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಬಂಧುಗಳ ಮನೆಯಲ್ಲಿ ಇಳಿದುಕೊಂಡು, ಕೇಂದ್ರದಲ್ಲಿಯೇ ಬರೆಯುವುದು ಮೇಲು.

ಭಾಷೆಯ ಮಾತು

ಈ ಪರೀಕ್ಷೆಗಳಲ್ಲಿ ಯಾವುದೂ ಕನ್ನಡದಲ್ಲಿಲ್ಲ, ತೆಲುಗಿನಲ್ಲಿಯೂ ಇಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಇದರಿಂದ ಎದೆಗುಂದಬೇಕಾದುದಿಲ್ಲ. ಆಜ್ಞೆಗಳು ಕೆಲವೇ ನೂರು. ಪ್ರಶ್ನೆಗಳ ಇಂಗ್ಲಿಷು ಸರಳ. ವಿಷಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಬಿಡಿಸಿಕೊಂಡವನಿಗೆ ಅದನ್ನು ಇಂಗ್ಲಿಷಿನಲ್ಲಿ ಗುರುತಿಸುವುದು ಕಷ್ಟವಲ್ಲ. ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಕನ್ನಡ ಲಿಪಿಯೂ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಇಂದು ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಉಚಿತ ಕನ್ನಡ ಅಕ್ಷರವಿನ್ಯಾಸಗಳಿವೆ. ಅಭ್ಯಾಸದ ಟಿಪ್ಪಣಿಗಳನ್ನು ಕನ್ನಡದಲ್ಲಿ, ಆ ಯಂತ್ರದಲ್ಲಿಯೇ ಬರೆದಿಟ್ಟುಕೊಳ್ಳಬಹುದು. ತೆಲುಗು ಶಾಲೆಯಲ್ಲಿ ಓದಿದ ನಮ್ಮ ಹುಡುಗನಿಗೆ ತಾಯಿಯೇ ಕನ್ನಡ ಅಕ್ಷರ ಕಲಿಸಿದ್ದರು. ಅವನ ಟಿಪ್ಪಣಿಯ ಪುಸ್ತಕವನ್ನು ಈಗ ಅವನ ತಂಗಿ ಓದುತ್ತಿದ್ದಾಳೆ.

ಮುಗಿಸುವ ಮುನ್ನ

ಎರಡನೆಯ ಸಲ ಅವನು ತೇರ್ಗಡೆಯಾದ. ಅಂದೇ ಕೆಲಸ ಬರಲಿಲ್ಲ. ಪ್ರಮಾಣಪತ್ರವು ಬಾಗಿಲ ಬಳಿಗೆ ಕರೆದೊಯ್ಯುತ್ತದೆ, ಒಳಗೆ ಕೂರಿಸುವುದಿಲ್ಲ. ಐದು ತಿಂಗಳು ಅಲೆದ ಮೇಲೆ, ಒಂದು ಕಡೆಯ ಸಂದರ್ಶನದಲ್ಲಿ ಅವನ ಕಾಗದವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಕೆಟ್ಟು ನಿಂತ ಯಂತ್ರವೊಂದರ ಮುಂದೆ ಕೂರಿಸಿದರಂತೆ. ಜೋಡಣೆಯ ಕಡತದಲ್ಲಿ ಒಂದು ಸಾಲು ತಪ್ಪಾಗಿತ್ತು. ತನ್ನನ್ನು ಹಿಂದೆ ಸೋಲಿಸಿದ್ದ ತಪ್ಪನ್ನು ಅವನು ಕಂಡೊಡನೆ ಗುರುತಿಸಿದ. ಈಗ ಬೆಂಗಳೂರಿನಲ್ಲಿ ರಾತ್ರಿಯ ಪಾಳಿಯಲ್ಲಿ ಸರ್ವರುಗಳನ್ನು ಕಾಯುತ್ತಾನೆ. ಸಂಬಳ ದೊಡ್ಡದಲ್ಲ, ಆದರೆ ತಿಂಗಳಿಗೆ ಸರಿಯಾಗಿ ಬರುತ್ತದೆ.

ಮೊನ್ನೆ ಕುಂದುರ್ಪಿಗೆ ಹೋದಾಗ, ಚಿನ್ನದ ಅಂಚಿನ ಆ ಹಳೆಯ ಕಾಗದ ಗೋಡೆಯ ಮೇಲೆಯೇ ಇತ್ತು. ಏಕೆ ತೆಗೆದಿಲ್ಲವೆಂದು ಕೇಳಿದೆವು. “ಇರಲಿ ಬಿಡಿ. ಊರಿನವರು ಯಾರಾದರೂ ಮಕ್ಕಳನ್ನು ಸೇರಿಸುವುದಕ್ಕೆ ಹೊರಟರೆ, ಮೊದಲು ಇದನ್ನು ತೋರಿಸಿ ಆ ಎರಡು ಪ್ರಶ್ನೆ ಹೇಳಿಕೊಡುತ್ತೇನೆ” ಎಂದರು ಹಿರಿಯರು. ನಮ್ಮ ವಾಚಕರ ಮನೆಗಳಲ್ಲಿಯೂ ಆ ಎರಡು ಪ್ರಶ್ನೆಗಳು ನೆನಪಿನಲ್ಲಿ ಉಳಿದರೆ ಈ ಬರಹ ಸಾರ್ಥಕವಾದಂತೆ.